ಕೆರಿಯಪ್ಪನ ಕಂಬಳಿಯ ಕಪ್ಪು

ಶಿರಸಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದಿನಕರ ಹೆಗಡೆಯವರ ಫೋಟೋ ಸ್ಟುಡಿಯೋ, ಎದುರಿಗೇ ಉಲ್ಲಾಸನದು. ಹೆಗಡೆಯವರ ಕತ್ತಲೆಕೋಣೆಯಲ್ಲೇ ಕೆಲಸ ಕಲಿತ ಉಲ್ಲಾಸ ಒಂದು ದಿನ ಜಗಳಾಡಿ ಹೊರಬಿದ್ದು, ಓಣಿಯಾಚೆ ಕಂಪ್ಯೂಟರು, ಇಂಕ್‌ಜೆಟ್ ಪ್ರಿಂಟರು ತಂದಿಟ್ಟಿದ್ದ. ಅಂದಿನಿಂದ ಮಾತಿಲ್ಲ. ಎಣ್ಣೆ ಸೀಗೆಕಾಯಿ ಅಂತಾರಲ್ಲ, ಹಾಗೆ.

ಎರಡು ಸಾವಿರದ ಏಳರಲ್ಲಿ ಹೆಗಡೆಯವರು ಓಣಿ ದಾಟಲೇಬೇಕಾಯಿತು. ನಿಲ್ಕುಂದ ಊರಿನ ಕೆರಿಯಪ್ಪ ಕರಿಕಂಬಳಿಯ ಕೊಪ್ಪೆ ಹೊದ್ದು ನಿಂತಿದ್ದ, ಹೆಗಡೆಯವರು ಹಿಂದೆಂದೋ ತೆಗೆದ ಕಪ್ಪು-ಬಿಳುಪು ಚಿತ್ರವನ್ನು ಊರಿನ ಪ್ರದರ್ಶನಕ್ಕೆ ಕೇಳಿದ್ದರು. ಜೀವಮಾನವಿಡೀ ಮದುವೆ ಫೋಟೋ ತೆಗೆದವರ ಹೆಸರು ಮೊದಲ ಸಲ ಗೋಡೆ ಏರುವುದಿತ್ತು. ಚಿತ್ರ ದೊಡ್ಡದಾಗಿ ಬೇಕು. ಕತ್ತಲೆಕೋಣೆಯಲ್ಲಿ ಚಿತ್ರ ತೊಳೆಯುವ ಹಳೆಯ ಬ್ರೋಮೈಡ್ ಕಾಗದ ಹುಬ್ಬಳ್ಳಿಯಲ್ಲೂ ಸಿಗುತ್ತಿರಲಿಲ್ಲ; ಉಳಿದದ್ದು ಉಲ್ಲಾಸನ ಪ್ರಿಂಟರೊಂದೇ.

“ಏನು ಗುರುಗಳೇ, ದಾರಿ ತಪ್ತಾ?” ಎಂದ ಉಲ್ಲಾಸ.

“ಬಾಯಿ ಮುಚ್ಚಿ ನೆಗೆಟಿವ್ ತಗೋ.”

“ನೀವು ತೊಳೆದ ಪ್ರಿಂಟೂ ತನ್ನಿ. ಜೋಡಿ ಇಟ್ಟು ನೋಡ್ಬೇಕು.”

“ನಿನ್ ಕೈಗೆ ಕೊಡೂಕೆ ನಾನೆಂತ ಮಳ್ಳನಾ? ನನ್ ಕಣ್ಣಿಲ್ವ?”

ಪ್ರಿಂಟ್ ಬಂತು. ಹೆಗಡೆಯವರು ತಮ್ಮ ರೂಢಿಯಂತೆ ಅದನ್ನು ಉಲ್ಲಾಸನ ಅಂಗಡಿಯ ಜಗಲಿಗೆ ತಂದು, ತೋಳುದ್ದ ಹಿಡಿದು, ಕಣ್ಣು ಅರೆಮುಚ್ಚಿ ನೋಡಿದರು. “ಹಸಿರು ಹೊಡೀತದೆ.”

“ಒಳಗೆ ಸರಿ ಕಾಣ್ತದಲ್ಲ! ಕಣ್ಣಿಗೆ ಪೊರೆ ಬಂದದೆ ನಿಮ್ಗೆ.”

“ಹಸಿರು ಅಂದ್ರೆ ಹಸಿರು. ಕೆಂಪು ಸೇರ್ಸು.”

ಸೇರಿಸಿದ. ಸಾಲದು ಎಂದರು. ಮತ್ತೆ ಸೇರಿಸಿದ, ಹಾಳಾದರೆ ಇವರ ಚಿತ್ರವೇ ಹಾಳಾಗಲಿ ಎಂದು ಧಾರಾಳವಾಗಿಯೇ ಸೇರಿಸಿದ. ಹೆಗಡೆಯವರು ಗೆದ್ದ ಗೂಳಿಯಂತೆ ಪ್ರಿಂಟ್ ಹಿಡಿದು ಮನೆಗೆ ನಡೆದರು.

ಅಂಗಳದ ಬಿಸಿಲಿನಲ್ಲಿ ಹೆಂಡತಿ ಸುಬ್ಬಲಕ್ಷ್ಮಿ ನೋಡಿದಳು. “ಇದೆಂತದು? ಕೆರಿಯಪ್ಪ ಓಕುಳಿ ಆಡಿ ಬಂದ ಹಾಂಗೆ ಕಾಣ್ತು!”

ಹೆಗಡೆಯವರು ಉರಿಯುತ್ತ ಓಣಿಗೆ ವಾಪಸಾದರು. “ಬೇಕಂತ್ಲೇ ಹಾಳ್ಮಾಡಿದ್ಯಲ್ಲೋ!”

“ಕೇಳಿದ್ದೇ ಕೊಟ್ಟೆ,” ಎನ್ನುತ್ತ ಉಲ್ಲಾಸ ಜಗಲಿಗೆ ಬಂದ. ಅವನ ಬಿಳಿ ಅಂಗಿ ಎಳೆ ಬಾಳೆಲೆಯ ಬಣ್ಣಕ್ಕೆ ತಿರುಗಿತು. ಹೆಗಡೆಯವರು ತಲೆಯೆತ್ತಿದರು. ಮಳೆಯ ಇರಿಚಲು ಬಾರದಂತೆ ಜಗಲಿಗೆ ಕಟ್ಟಿದ್ದ ಹಸಿರು ಪ್ಲಾಸ್ಟಿಕ್ ಹಾಳೆ. ಅದರಡಿ ನಿಂತೇ ಅವರು ಹಸಿರು ಕಂಡಿದ್ದರು. ಹಳೆಯ ಪ್ರಿಂಟ್ ಪಕ್ಕದಲ್ಲಿದ್ದಿದ್ದರೆ ಅದೂ ಹಸಿರಾಗಿಯೇ ಕಂಡು ಗುಟ್ಟು ರಟ್ಟಾಗುತ್ತಿತ್ತು.

ಹೆಗಡೆಯವರು ತಮ್ಮ ಅಂಗಡಿಗೆ ಹೋಗಿ, ಪಂಚೆಯಲ್ಲಿ ಸುತ್ತಿದ ಹಳೆಯ ಪ್ರಿಂಟ್ ತಂದರು. ಈ ಸಲ ಜಗಲಿಗಲ್ಲ, ಓಣಿಯ ನಡುವೆ, ಬರಿ ಆಕಾಶದಡಿ ಸ್ಟೂಲಿಟ್ಟು ಎರಡನ್ನೂ ಜೋಡಿಸಿದರು. ಉಲ್ಲಾಸ ಸೇರಿಸಿದ್ದ ಕೆಂಪನ್ನು ತೆಗೆದು ಮತ್ತೊಂದು ಪ್ರಿಂಟ್ ತಂದ. ಆದರೆ ಹೊಸದರಲ್ಲಿ ಕಂಬಳಿ ಬಾವಿಯ ಬಾಯಂತೆ ಒಂದೇ ಕಪ್ಪು. ಹಳೆಯದರಲ್ಲಿ ಅದೇ ಕಪ್ಪಿನೊಳಗೆ ಒಂದೊಂದು ಮಡಿಕೆಯೂ ಉಸಿರಾಡುತ್ತಿತ್ತು.

ಉಲ್ಲಾಸ ಕಪ್ಪನ್ನು ತಿಳಿ ಮಾಡಿದ. “ಬೂದಿ ಬಳ್ದಿದ್ಯಾ?” ಎಂದರು ಹೆಗಡೆ. “ಮಡಿಕೆ ಮಾತ್ರ ಎತ್ತು. ತಳದ ಕಪ್ಪು ಮುಟ್ಬೇಡ.”

ಇಡೀ ಹಾಳೆ ಕೆಡಿಸದೆ ಕಂಬಳಿಯಷ್ಟನ್ನೇ ತುಂಡು ಕಾಗದದ ಮೇಲೆ ತೆಗೆದು ನೋಡಿದರು. ಒಂದರಲ್ಲಿ ಕಪ್ಪು ಸತ್ತಿತು, ಒಂದರಲ್ಲಿ ಮಡಿಕೆ. ಓಡಾಡುವವರು ಬೈದುಕೊಂಡು ಸುತ್ತಿ ಹೋದರು. ಇವರಿಬ್ಬರು ಅದಕ್ಕಿಂತ ಜೋರಾಗಿ ಬೈದಾಡಿಕೊಂಡರು. ಕೊನೆಗೊಂದು ತುಂಡಿಗೆ ಹೆಗಡೆ ಕೈ ಚಾಚಿದರೆ ಉಲ್ಲಾಸ ಕೈಯನ್ನೇ ತಳ್ಳಿದ.

“ಒಣಗ್ಲಿ. ಹಸಿ ಪ್ರಿಂಟ್ ಸುಳ್ಳು ಹೇಳ್ತದೆ ಅಂತ ನೀವೇ ಕಪಾಳಕ್ಕೆ ಹೊಡ್ದು ಕಲ್ಸಿದ್ದು.”

ಒಣಗಿತು. ಕಪ್ಪೂ ಇತ್ತು, ಮಡಿಕೆಯೂ ಇತ್ತು. ಹೆಗಡೆ ಬಹಳ ಹೊತ್ತು ನೋಡಿ “ಹೂಂ, ದೊಡ್ಡದು ತೆಗಿ” ಎಂದರು.

“ಹಳೇದು ಇಲ್ಲೇ ಇರ್ಲಿ, ಎರಡು ದಿನ.”

“ನಕಲು ಹೊಡೀಲಿಕ್ಕಾ?” ಹೆಗಡೆ ಅದನ್ನು ಪಂಚೆಯಲ್ಲಿ ಸುತ್ತಿ ಕಂಕುಳಿಗೆ ಸೇರಿಸಿದರು.

ಪ್ರದರ್ಶನದಲ್ಲಿ ಕೆರಿಯಪ್ಪ ಗೋಡೆ ಏರಿದ, ಕೆಳಗೆ ಹೆಗಡೆಯವರ ಹೆಸರೊಂದೇ. ಉಲ್ಲಾಸ ಬಂದು, ಕಂಬಳಿಯ ಮುಂದೆ ನಿಂತು ನೋಡಿ, ಇವರತ್ತ ತಿರುಗದೆ ಹೋದ.

ಮರುದಿನ ಬೆಳಿಗ್ಗೆ ಎದುರಿನ ಜಗಲಿಯ ಹಸಿರು ಹಾಳೆ ಇರಲಿಲ್ಲ. ಉಲ್ಲಾಸ ಓಣಿಗಿಳಿದು ಯಾರದೋ ಪ್ರಿಂಟನ್ನು ತೋಳುದ್ದ ಹಿಡಿದು ಕಣ್ಣು ಅರೆಮುಚ್ಚಿದ್ದ. ಹೆಗಡೆ ಬಾಗಿಲು ತೆರೆದವರು ಎಲೆಯಡಿಕೆಯ ಕವಳ ಉಗಿದು ಕೂಗಿದರು:

“ಒಣಗಿದ್ಯೇನೋ ಅದು, ಕತ್ತೆ?”

“ನಿಮ್ಮಂಗ್ಡಿ ನೋಡ್ಕಳಿ!” ಎಂದ ಅವನು. ಆದರೆ ಪ್ರಿಂಟನ್ನು ಸ್ಟೂಲಿನ ಮೇಲಿಟ್ಟು, ಒಣಗಲು ಬಿಟ್ಟ.