ಮೂವತ್ತೆರಡು ಸೋಪು

ಒಂದಾನೊಂದು ಮನೆಯಲ್ಲಿ ಒಬ್ಬ ಸೊಸೆಯಿದ್ದಳು. ಅವಳಿಗೊಂದು ಕೋಣೆ ಬೇಕಾಗಿತ್ತು. ಕೋಣೆಯ ಬಾಗಿಲಲ್ಲಿ ಏಳು ಹೆಡೆಯ ಸರ್ಪವೇನೂ ಇರಲಿಲ್ಲ. ಅತ್ತೆ ಇದ್ದರು.

ಒಳಗೆ ನಿಧಿಯಿತ್ತು: ಸೋಪು, ಬೆಂಕಿಪೊಟ್ಟಣ, ಹಲ್ಲಿನ ಪೇಸ್ಟು, ಪಾತ್ರೆ ತೊಳೆಯುವ ಪುಡಿ. ಎರಡು ಕೊಂಡರೆ ಒಂದು ಪುಕ್ಕಟೆ ಎಂಬ ಬೋರ್ಡು ಎಲ್ಲಿ ಕಂಡರೂ ಅತ್ತೆ ಎರಡು ಚೀಲ ಹಿಡಿದು ಹೊರಡುತ್ತಿದ್ದರು. ತಂದ ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ತಾರೀಖು ಬರೆದು ರಟ್ಟಿನ ಡಬ್ಬಗಳಲ್ಲಿ ತುಂಬಿ ಸೂರಿನವರೆಗೆ ಪೇರಿಸುತ್ತಿದ್ದರು. ಸೊಸೆಯ ಹೊಲಿಗೆ ಮಷೀನಿಗೆ ಸಿಕ್ಕಿದ್ದು ಬಚ್ಚಲ ಬಾಗಿಲ ಪಕ್ಕದ ಮೂಲೆ. ಪ್ಯಾಂಟಿನ ಅಂಚು ಮಡಿಸಲು ಕೊಟ್ಟವರು ಬಕೆಟ್ಟುಗಳ ನಡುವೆ ಒಂಟಿಕಾಲಲ್ಲಿ ನಿಂತು ಹಾಕಿ ನೋಡಬೇಕಿತ್ತು.

ಒಂದು ದಿನ ಕ್ಲಿನಿಕ್ಕಿನ ನರ್ಸಮ್ಮ ಹಾಗೆ ನಿಂತು, ಒದ್ದೆಯಾದ ಪಾದ ಒರೆಸಿಕೊಂಡು ಹೇಳಿದಳು: "ಹೊಲಿಗೆ ಚೆನ್ನಾಗಿದೆ. ನಲವತ್ತು ಕೋಟು ಹೊಲಿಯೋದಿದೆ. ಆದ್ರೆ ನಮ್ಮೋರೆಲ್ಲ ಅಳತೆ ಕೊಡೋಕೆ ಈ ಬಚ್ಚಲಿಗೆ ಬರ್ತಾರಾ? ಮುಂದಿನ ಶುಕ್ರವಾರ ಬರ್ತೀನಿ. ಒಂದು ಕೋಣೆ ತೋರಿಸಿ. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ."

ಸೊಸೆ ಅತ್ತೆಯನ್ನು ಕೇಳಿದಳು.

"ಕೋಣೆ ತಾನೇ? ತಗೋ ಮಹಾರಾಯ್ತಿ," ಎಂದರು ಅತ್ತೆ. "ಒಳಗಿರೋದೆಲ್ಲ ಖಾಲಿಯಾದ ದಿನ ಅದು ನಿಂದೇ. ಆದ್ರೆ ಎಸೆಯೋ ಹಾಗಿಲ್ಲ. ಪುಕ್ಕಟೆ ಹಂಚೋ ಹಾಗಿಲ್ಲ."

"ಮಾತಿಗೆ ತಪ್ಪಲ್ಲ ತಾನೇ ಅತ್ತೆ?"

"ನನ್ನ ನಾಲಿಗೆ ನಿನ್ನ ಮಷೀನಿನ ದಾರ ಅಲ್ಲ, ನಡುವೆ ತುಂಡಾಗೋಕೆ."

ಸೊಸೆಯ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸಿಯರು ಎರಡು ಬಾಗಿಲು ಭದ್ರವಾಗಿ ಮುಚ್ಚಿ ಮೂರನೆಯದನ್ನು ಮರೆಯುತ್ತಿದ್ದರು. ಮಾರಬಾರದೆಂದು ಅತ್ತೆ ಹೇಳಿರಲಿಲ್ಲ.

ಅತ್ತೆ ಮಧ್ಯಾಹ್ನ ಗೊರಕೆ ಹೊಡೆಯುವಾಗ ಸೊಸೆ ಹಿಂದಿನ ಸಾಲಿನಿಂದ ಸಾಮಾನು ತೆಗೆದು, ಬಟ್ಟೆಯ ತುಂಡುಗಳ ಕೆಳಗೆ ಬಚ್ಚಿಟ್ಟು ಮೂಲೆಯಂಗಡಿಯ ಬೋಳಣ್ಣನಿಗೆ ಸಾಗಿಸಿದಳು. ಖಾಲಿ ಡಬ್ಬಗಳನ್ನು ಬಾಗಿಲೆದುರು ಮೊದಲಿನಂತೆಯೇ ಪೇರಿಸಿದಳು. ಬುಧವಾರದ ಹೊತ್ತಿಗೆ ಕೋಣೆಯಲ್ಲಿ ಆ ಖಾಲಿ ಡಬ್ಬಗಳ ಗೋಡೆಯೊಂದೇ ಉಳಿದಿತ್ತು.

ಅವತ್ತೇ ಸಂಜೆ ಅತ್ತೆ ಏದುಸಿರು ಬಿಡುತ್ತ ಬಂದು ಎರಡು ಚೀಲಗಳನ್ನು ಮಗನ ಮುಂದೆ ಸುರಿದರು.

"ಬೋಳಣ್ಣಂಗೆ ತಲೆ ಕೆಟ್ಟಿದೆ ಕಣೋ! ಅರ್ಧ ಬೆಲೆಗೆ ಮೂವತ್ತೆರಡು ಸೋಪು! ನಿನ್ನ ಹೆಂಡ್ತಿಗೆ ತೋರಿಸು, ಸಂಸಾರ ಹೇಗೆ ಮಾಡೋದು ಅಂತ."

ಸೊಸೆ ಒಂದು ಸೋಪನ್ನು ಕೈಗೆತ್ತಿಕೊಂಡು ಹೊರಳಿಸಿ ನೋಡಿದಳು. ಬಾಯಿ ಮುಚ್ಚಿಕೊಂಡಿರಬಹುದಿತ್ತು.

"ಇದು ಯಾರ ಅಕ್ಷರ ಅತ್ತೆ?"

ಕಾಗದದ ಮೇಲೆ ಎರಡು ವರ್ಷದ ಹಿಂದಿನ ತಾರೀಖಿತ್ತು. ಮಗ ನಕ್ಕುಬಿಟ್ಟ. ಅತ್ತೆ ಎದ್ದು ಹೋಗಿ ಕೋಣೆಯ ಡಬ್ಬಗಳನ್ನು ಮುಟ್ಟಿದ್ದೇ ತಡ, ಗೋಡೆ ಸದ್ದಿಲ್ಲದೆ ಮಗುಚಿತು.

"ಕಳ್ಳಿ! ಮನೆಯೊಳಗೇ ಇದ್ದಾಳೆ ಕಳ್ಳಿ!"

"ಎಸೆದಿಲ್ಲ, ಹಂಚಿಲ್ಲ. ಮಾರಿದೆ. ದುಡ್ಡು ನಿಮ್ಮ ಮಗನ ಹತ್ರಾನೇ ಇದೆ, ಕೇಳಿ."

ಅತ್ತೆ ಮಗನತ್ತ ತಿರುಗಿದರು. "ನಿಂಗೂ ಗೊತ್ತಿತ್ತಾ?"

ಮಗ ಚಪ್ಪಲಿ ಹುಡುಕತೊಡಗಿದ.

ಅತ್ತೆ ಸೋಪುಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಹೋಗಿ ಬರಿದಾದ ಕೋಣೆಯ ನಡುವೆ ಸುರಿದರು. "ಇವನ್ನ ಮಾರಿದ್ರೆ ನಿನ್ನ ಮಷೀನು ಬೀದಿಗೆ! ಮೈಗೆ ಉಜ್ಜಿ ಮುಗಿಸು. ಮುಂದಿನ ವರ್ಷ ಬರಲಿ ನಿನ್ನ ನರ್ಸಮ್ಮ."

ಗುರುವಾರ ಬೆಳಗಾಗುತ್ತಲೇ ಸೊಸೆ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿದಳು. ಸೋಪುಗಳನ್ನು ಒಂದೊಂದಾಗಿ ಚಾಕುವಿನಿಂದ ಹೆರೆದು ಅದರಲ್ಲಿ ಕರಗಿಸಿದಳು. ಸ್ಟೂಲು ಹತ್ತಿ ಕೋಣೆಯ ಚಾವಣಿಯಿಂದ ಶುರುಮಾಡಿ ಗೋಡೆ, ಕಿಟಕಿಯ ಸರಳು, ಬಾಗಿಲಿನ ತಿರುಗಣಿಗಳನ್ನೂ ಬಿಡದೆ ಉಜ್ಜಿದಳು. ನೊರೆ ಮೊಣಕಾಲೆತ್ತರಕ್ಕೆ ಬಂತು.

"ಹಾಳು ಮಾಡ್ತಿದ್ದೀಯಲ್ಲೇ!" ಅತ್ತೆ ಹೊಸ್ತಿಲಲ್ಲಿ ಚೀರಿದರು.

"ಬಳಸ್ತಿದ್ದೀನಿ ಅತ್ತೆ."

"ನಿನ್ನ ಕೈಗೆ ಹುಳ ಬೀಳ!"

"ಬಿದ್ರೂ ತೊಳೆದು ಹೋಗತ್ತೆ, ಬಿಡಿ."

ಸಂಜೆಗೆ ಉಳಿದದ್ದು ಒಂದೇ ಸೋಪು. ಸೊಸೆ ಅದರ ಕಾಗದ ಬಿಡಿಸುತ್ತಿದ್ದಂತೆ ಅತ್ತೆ ನೊರೆಯೊಳಗೆ ನುಗ್ಗಿ ಕಿತ್ತುಕೊಂಡರು. ಎದೆಗೊತ್ತಿಕೊಂಡು ನಿಂತರು. ಇಬ್ಬರೂ ಏದುಸಿರು ಬಿಡುತ್ತಿದ್ದರು. ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು.

ಅತ್ತೆಯ ಕಣ್ಣು ಕಿಟಕಿಯ ಕೆಳಗಿನ ಮೂಲೆಗೆ ಹೋಯಿತು.

"ಅಲ್ಲಿ ಬಿಟ್ಟಿದ್ದೀಯ," ಎಂದರು. "ನೆಟ್ಟಗೆ ಒಂದು ಕೆಲಸ ಬರಲ್ಲ."

ಸೊಸೆ ಚಿಂದಿ ಬಟ್ಟೆಯನ್ನು ಚಾಚಿದಳು. ಅತ್ತೆ ಅದನ್ನು ತೆಗೆದುಕೊಳ್ಳಲಿಲ್ಲ. ಮಂಡಿಯೂರಿ ಕುಳಿತು ಸೋಪಿನಿಂದಲೇ ಆ ಮೂಲೆಯನ್ನು ಉಜ್ಜತೊಡಗಿದರು. ಮೂಲೆ ಬೆಳ್ಳಗಾದರೂ ಬಿಡಲಿಲ್ಲ. ಸೋಪು ಬಿಲ್ಲೆಯಾಯಿತು, ಬಿಲ್ಲೆ ಸಿಪ್ಪೆಯಾಯಿತು, ಕೊನೆಗೆ ಬರಿಯ ಬೆರಳುಗಳೇ ನೆಲದ ಮೇಲೆ ಓಡಾಡುತ್ತಿದ್ದವು.