ಕೆಂಪಕ್ಕನ ಕರಟದ ಬಟ್ಟಲು

ಹೊನ್ನವಳ್ಳಿಯ ಕೆಂಪಕ್ಕನ ಹೊಟ್ಟೆಯಲ್ಲಿ ಆ ವರ್ಷ ಹೊತ್ತಿದ ಉರಿಯ ಮೇಲೆ ಒಂದು ಹಂಡೆ ಇಟ್ಟಿದ್ದರೆ ತಿಪಟೂರಿನ ತನಕ ಜನ ಬಿಸಿನೀರು ಹೊಯ್ದುಕೊಳ್ಳಬಹುದಿತ್ತು. ಉರಿ ಹಚ್ಚಿದವಳು ಹೊರಗಿನವಳಲ್ಲ, ಗೋಡೆಯಾಚೆಯ ಓರಗಿತ್ತಿ ಮಂಜಮ್ಮ. ಕೆಂಪಕ್ಕನ ಗಂಡ ಹಾಲಸ್ವಾಮಿಯ ತಮ್ಮನ ಹೆಂಡತಿ. ಹಚ್ಚಿದ್ದು ಬೆಂಕಿಕಡ್ಡಿಯಿಂದಲೂ ಅಲ್ಲ, ಒಂದು ಪೇಪರ್ ಲೋಟದಿಂದ.

ಅಲ್ಲಿಯ ತನಕ ಊರಿನ ಯಾವ ಸಮಾರಂಭಕ್ಕೂ ಕೆಂಪಕ್ಕ ಬಾರದೆ ಒಲೆ ಹೊತ್ತುತ್ತಿರಲಿಲ್ಲ. ಸಾರಿಗೆ ಉಪ್ಪು ಸಾಲದು ಎಂಬುದನ್ನು ಅವಳು ಬೀದಿ ತಿರುವಿನಲ್ಲಿ ಬರುತ್ತಿರುವಾಗಲೇ ಹಬೆ ಮೂಸಿ ಹೇಳುತ್ತಿದ್ದಳು. ಅವಳು ಸೌಟು ಎತ್ತಿ ಕೂಗಿದರೆ ಹಂದನಕೆರೆಯಲ್ಲಿ ನಿದ್ದೆ ಮಾಡುತ್ತಿದ್ದ ಅಡುಗೆಯವರೂ ಎದ್ದು ಈರುಳ್ಳಿ ಹೆಚ್ಚಲು ಕೂರುತ್ತಿದ್ದರು. ಕಾಡಸಿದ್ದಪ್ಪನ ಮನೆಯ ಗೃಹಪ್ರವೇಶದಲ್ಲೂ ಅವಳದೇ ದರ್ಬಾರು. "ಪ್ಲಾಸ್ಟಿಕ್ ಲೋಟ ನಾನಿರೋ ತನಕ ಈ ಊರಿಗೆ ಕಾಲಿಡಕೂಡದು" ಎಂದು ಅಪ್ಪಣೆ ಕೊಡಿಸಿ, ಮೂಟೆಗಟ್ಟಲೆ ಪೇಪರ್ ಲೋಟ ತರಿಸಿದ್ದಳು. ಎಲ್ಲರೂ ಅವಳನ್ನು ಹೊಗಳುತ್ತ ಕಾಫಿ ಹೀರುತ್ತಿದ್ದರು.

ಆಗ ಮಂಜಮ್ಮ ಮೂಲೆಯಲ್ಲಿ ಕೂತು, ಬಿಸಿನೀರಲ್ಲಿ ನೆನೆಹಾಕಿದ್ದ ಒಂದು ಲೋಟವನ್ನು ಉಗುರಿನಿಂದ ಮೆಲ್ಲಗೆ ಕೆರೆದಳು. ಕಾಗದ ರವೆಯ ಹಾಗೆ ಉದುರಿ ಹೋಯಿತು. ಉಳಿದದ್ದು ಈರುಳ್ಳಿ ಪೊರೆಯಷ್ಟು ತೆಳ್ಳಗಿನ, ಮಿರಿಮಿರಿ ಮಿನುಗುವ ಒಂದು ಚೂರು. ಅದನ್ನು ಬೆಳಕಿಗೆ ಹಿಡಿದಳು.

"ಅಕ್ಕಾ, ಇಲ್ನೋಡು. ಇದೂ ಪ್ಲಾಸ್ಟಿಕ್ಕೇ. ಕಾಫಿ ಸೋರದೆ ಇರ್ಲಿ ಅಂತ ಒಳಗೆ ಅಂಟಿಸಿರ್ತಾರೆ. ಬಿಸಿ ತಗಲಿದ್ರೆ ಕಣ್ಣಿಗೆ ಕಾಣದ ಚೂರು ಸಾವಿರಗಟ್ಟಲೆ ಬಿಟ್ಕೊಂಡು ಕಾಫಿಗೆ ಬೀಳ್ತಾವಂತೆ."

ಹುಚ್ಚರಂಗಯ್ಯ ಬಾಯಿಗೆ ಬಂದಿದ್ದ ಕಾಫಿಯನ್ನು ನುಂಗಲೂ ಆರದೆ ಉಗಿಯಲೂ ಆರದೆ ಕಣ್ಣು ಬಿಟ್ಟ. ಕೊನೆಗೆ ನುಂಗಿ, "ಹಂಗಾದ್ರೆ ನನ್ ಹೊಟ್ಟೇಲಿ ಇಷ್ಟೊತ್ತಿಗೆ ಒಂದು ಕುರ್ಚಿ ಆಗೋವಷ್ಟು ಸೇರಿರ್ಬೇಕು ಕಣಮ್ಮ" ಅಂದ.

ಊರೆಲ್ಲ ಮಂಜಮ್ಮನ ಸುತ್ತ ಮುತ್ತಿಕೊಂಡಿತು. ಕೆಂಪಕ್ಕ ಸೌಟು ಹಿಡಿದು ನಿಂತೇ ಇದ್ದಳು. ಸಾಂಬಾರಿಗೆ ಉಪ್ಪು ಹೆಚ್ಚಾಗಿತ್ತು. ಅವಳ ಮೂಗಿಗೆ ಅದು ತಿಳಿಯಲೇ ಇಲ್ಲ.

ಅದರ ಮೇಲೆ ಮಂಜಮ್ಮ ಇನ್ನೊಂದು ಕೆಲಸ ಮಾಡಿದಳು. ತನಗೆ ಮದುವೆಯಲ್ಲೂ ಮಕ್ಕಳ ನಾಮಕರಣದಲ್ಲೂ ಮುಯ್ಯಿ ಬಂದಿದ್ದ ಸ್ಟೀಲ್ ಲೋಟಗಳನ್ನೆಲ್ಲ ಕೆಳಗಿಳಿಸಿ, ಸಮಾರಂಭ ಇದ್ದವರಿಗೆ ಪುಕ್ಕಟೆ ಕೊಡತೊಡಗಿದಳು. ತೊಳೆದು ವಾಪಸ್ಸು ಕೊಟ್ಟರೆ ಸಾಕು. ಒಂದೊಂದು ಲೋಟದ ಅಂಚಿನ ಕೆಳಗೂ 'ಸೌ. ಮಂಜಮ್ಮ' ಎಂದು ಕೊರೆಸಿದ ಅಕ್ಷರ. ಕೆಂಪಕ್ಕ ಯಾರ ಮನೆಯಲ್ಲಿ ನೀರು ಕುಡಿಯಹೋದರೂ ತುಟಿಗೆ ಮಂಜಮ್ಮ ತಗಲುತ್ತಿದ್ದಳು. ಹೋಳಿಗೆ ಗಂಟಲಲ್ಲಿ ಸಿಕ್ಕಿ ಕಣ್ಣುಗುಡ್ಡೆ ಹೊರಗೆ ಬಂದರೂ ಸರಿ, ಆ ಲೋಟ ಮುಟ್ಟೆನೆಂದು ಹಟ ಹಿಡಿದಳು. ಒಂದು ಮದುವೆಯಲ್ಲಿ ಅವಳ ಬಿಕ್ಕಳಿಕೆಗೆ ಬೆಚ್ಚಿ ಚಪ್ಪರದ ಗರಿಯೇ ಜಾರಿತು.

ಸಾಲದ್ದಕ್ಕೆ ಮಂಜಮ್ಮ ಒಂದು ದಿನ ನಲ್ಲಿ ಹತ್ತಿರ ಕೆಂಪಕ್ಕನ ಮಿಂಚುವ ಹೊಸ ಸೀರೆಯ ಸೆರಗು ಮುಟ್ಟಿ ನೋಡಿ, "ಚೆನ್ನಾಗದೆ ಅಕ್ಕ. ಆದ್ರೆ ಇದೂ ಪ್ಲಾಸ್ಟಿಕ್ ನೂಲೇ ಕಣಕ್ಕ. ಒಗೆದಾಗೆಲ್ಲ ಸಣ್ಣ ಎಳೆ ಉದುರಿ ನೀರಿಗೆ ಸೇರ್ತದಂತೆ" ಅಂದಳು.

"ಸೇರ್ಲಿ ಬುಡು. ನೀನು ಕೂತ್ಕೊಂಡು ಒಂದೊಂದೇ ಆರಿಸ್ಕೋ!" ಎಂದು ಕೆಂಪಕ್ಕ ಕೊಡ ಎತ್ತಿಕೊಂಡು ಹೊರಟಳು. ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಆ ಸೀರೆಯನ್ನು ಆಮೇಲೆ ಅವಳು ಉಡಲಿಲ್ಲ. ಆದರೆ ಅದು ಮಂಜಿಯ ಮಾತಿಗಲ್ಲ, ಬಣ್ಣ ಹಿಡಿಸಲಿಲ್ಲ ಎಂದು ಕೇಳದವರಿಗೂ ಹೇಳಿದಳು.

ಹೀಗಿರುವಾಗ ಮಗಳು ಕೋಮಲಾಳ ಕೂಸಿನ ನಾಮಕರಣ ಬಂತು. ದಂಡಿನಶಿವರದಿಂದ ಬೀಗರು ಬರುತ್ತಾರೆ. ಬೀಗಿತ್ತಿ ಗುರುಸಿದ್ದಮ್ಮನೆಂದರೆ ಸಾಮಾನ್ಯದವಳಲ್ಲ. ಒಂದು ಮನೆಯಲ್ಲಿ ಹಪ್ಪಳ ಮೆತ್ತಗಾದರೆ ಆ ಸುದ್ದಿಯನ್ನು ತುರುವೇಕೆರೆ ತಾಲೂಕಿಗೆಲ್ಲ ಸಂಜೆಯೊಳಗೆ ಹಂಚುವವಳು. ಅಂಥವಳ ಮುಂದೆ, ತನ್ನದೇ ಅಂಗಳದಲ್ಲಿ, ತನ್ನ ಮೊಮ್ಮಗಳ ಪಾಯಸವನ್ನು ಮಂಜಮ್ಮನ ಲೋಟದಲ್ಲಿ ಕೊಡುವುದೇ? ಆಮೇಲೆ ದೊಡ್ಡ ಸೊಸೆ ಎಂಬ ಮಾತಿಗೆ ಏನು ಉಳಿಯಿತು? ಕೆಂಪಕ್ಕನ ಮನೆಯಲ್ಲೂ ಸ್ಟೀಲ್ ಲೋಟ ಇದ್ದವು. ಆದರೆ ಅವನ್ನು ಇಟ್ಟರೆ 'ಮಂಜಮ್ಮನ್ನ ನೋಡಿ ಕಲಿತಳು' ಎನ್ನುತ್ತಾರೆ. ಅದು ಸಾವಿಗಿಂತ ಕಡೆ.

ಮಂಜಮ್ಮ ಗೋಡೆ ಮೇಲಿಂದ ಕತ್ತು ಹಾಕಿ ಕೇಳಿದಳು, "ಅಕ್ಕಾ, ಲೋಟ ಎಷ್ಟು ಕಳಿಸ್ಲಿ?"

"ಒಂದೂ ಬ್ಯಾಡ ಕಣೇ. ನಮ್ಮನೇಲಿ ಸ್ಟೀಲೂ ಇಲ್ಲ, ಪೇಪರ್ರೂ ಇಲ್ಲ. ಮರದಲ್ಲಿ ಬಿಟ್ಟಿದ್ರಲ್ಲೇ ಕುಡಿಸ್ತೀನಿ, ನೋಡ್ತಿರು."

ಅವಳ ತಲೆಯಲ್ಲಿದ್ದದ್ದು ಕರಟದ ಬಟ್ಟಲು. ಕೊಬ್ಬರಿ ಸೀಮೆಯಲ್ಲಿ ಕರಟಕ್ಕೆ ಬರವೇ ಎಂದು ನೀವು ಕೇಳಬಹುದು. ಬರವೇ! ಉಂಡೆ ಕೊಬ್ಬರಿ ಇಡಿಯಾಗಿ ಹೊರಗೆ ಬರಬೇಕೆಂದರೆ ಕರಟ ಚೂರುಚೂರಾಗಬೇಕು. ಅದರಲ್ಲಿ ಬಟ್ಟಲು ಆಗುವುದಿಲ್ಲ. ಬಟ್ಟಲಾಗಬೇಕಾದರೆ ಕಾಯಿಯನ್ನು ಸರಿಯಾಗಿ ನಡುವೆ ಕುಯ್ಯಬೇಕು. ಮಾರಲು ಇದ್ದ ಕಾಯಿ ಆಗಲೇ ಹೋಗಿದ್ದವು. ಉಳಿದದ್ದು ಅಟ್ಟದ ಮೇಲೆ ಕೊಬ್ಬರಿಯಾಗಲು ತಿಂಗಳುಗಟ್ಟಲೆಯಿಂದ ತಪಸ್ಸಿಗೆ ಕೂತಿದ್ದ ಕಾಯಿ. ಕೆಂಪಕ್ಕ ಏಣಿ ಹತ್ತಿದಳು.

ಹಾಲಸ್ವಾಮಿ ತಲೆಯ ಮೇಲೆ ಕೈ ಹೊತ್ತು ಕೂತ. "ಅಟ್ಟದ ಕಾಯಿ ಒಡೀತಾರೇನೇ! ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ರಿಯೂ ಅಲ್ಲ. ಅಷ್ಟೂ ಮಾಡಿ ಬೀಗರ ಕೈಗೆ ಚಿಪ್ಪು ಕೊಡ್ತೀಯಾ?"

"ನೀವು ಗರಗಸ ಹಿಡೀರಿ, ಬಾಯಿ ಬ್ಯಾಡ."

ಗಂಡ ಕುಯ್ದ, ಅವಳು ಉಪ್ಪುಕಾಗದದಲ್ಲಿ ತಿಕ್ಕಿದಳು. ಕೊಬ್ಬರಿ ಎಣ್ಣೆ ಸವರಿದ ಮೇಲೆ ಕರಟಗಳು ಎಷ್ಟು ಹೊಳೆದವೆಂದರೆ ಹಾಲಸ್ವಾಮಿ ಒಂದನ್ನು ನೋಡಿಕೊಂಡೇ ಗಡ್ಡ ಹೆರೆದುಕೊಂಡ. ಉರುಳದಂತೆ ಪ್ರತಿ ಬಟ್ಟಲಿಗೂ ನಾರು ಸುತ್ತಿ ಪುಟ್ಟ ಸಿಂಬೆ ಮಾಡಿದಳು. ಎಲ್ಲ ಚಂದವೇ. ಒಂದೇ ತೊಡಕು. ಕಾಯಿಯನ್ನು ಎರಡು ಮಾಡಿದರೆ ಒಂದು ಹೋಳು ಗಟ್ಟಿ. ಇನ್ನೊಂದು ಹೋಳಿನಲ್ಲಿ ಮೂರು ಕಣ್ಣು, ಅದರಲ್ಲೊಂದು ಮೆತ್ತಗಿನದು. ಕೊಬ್ಬರಿ ಕಿತ್ತ ಮೇಲೆ ಅಲ್ಲೊಂದು ತೂತು. ಗಟ್ಟಿ ಹೋಳಷ್ಟೇ ಆರಿಸಿಕೊಂಡರೆ ಅರ್ಧ ಜನಕ್ಕೂ ಸಾಲದು, ಏಕೆಂದರೆ ಮಂಜಮ್ಮನ ಗೆಲುವು ಕಂಡವರೆಲ್ಲ ತನ್ನ ಗೆಲುವನ್ನೂ ಕಾಣಲೇಬೇಕೆಂದು ಕೆಂಪಕ್ಕ ಊರಿಗೆ ಊರನ್ನೇ ಕರೆದಿದ್ದಳು.

"ಪೈಪಿಗೆ ಮೆತ್ತೋ ಅಂಟು ಮೆತ್ತಿಬಿಡಾನ" ಅಂದ ಹಾಲಸ್ವಾಮಿ.

"ಅದೂ ಪ್ಲಾಸ್ಟಿಕ್ ಜಾತೀದೇ ಕಣ್ರೀ! ಮಂಜಿ ಕಣ್ಣಿಗೆ ಬಿದ್ರೆ ಉಗುರು ಹಾಕಿ ಕೆರೀತಾಳೆ." ಕೆಂಪಕ್ಕ ಮೇಣದ ಬತ್ತಿ ಹಚ್ಚಿ, ಕಣ್ಣುಕಣ್ಣಿಗೂ ಮೇಣ ತೊಟ್ಟಿಕ್ಕಿಸಿ ಬೆರಳಿನಿಂದ ಒತ್ತಿದಳು. ನೀರು ತುಂಬಿ ನೋಡಿದಳು. ಒಂದು ತೊಟ್ಟೂ ಇಳಿಯಲಿಲ್ಲ. ಗೋಡೆಯ ಕಡೆ ತಿರುಗಿ ಒಂದು ನಗೆ ನಕ್ಕಳು. ಆಚೆ ಮಂಜಮ್ಮನ ಮನೆ ಬೆಕ್ಕು ಎದ್ದು ಜಾಗ ಬದಲಾಯಿಸಿತು.

ನಾಮಕರಣದ ದಿನ ಬಾಳೆಲೆ ಪಕ್ಕದಲ್ಲಿ ಸಿಂಬೆಯ ಮೇಲೆ ಕೂತ ಕರಟಗಳನ್ನು ಕಂಡು ಜನ ಬಾಯಿ ಬಿಟ್ಟರು. ಕೆಲವರಿಗೆ ಬಾಯಿ ಮುಚ್ಚಲು ಪಕ್ಕದವರು ನೆರವಾಗಬೇಕಾಯಿತು. ನೀರು ಕುಡಿದ ಗುರುಸಿದ್ದಮ್ಮ ಬಟ್ಟಲನ್ನು ತಿರುಗಿಸಿ ನೋಡಿ, "ಎಂಥಾ ತಲೆ ಕಣ್ರೀ ನಿಮ್ದು! ಆಮೇಲೆ ತಿಪ್ಪೆಗೆ ಎಸೆದ್ರೂ ಮಣ್ಣಾಗಿ ಹೋಗ್ತದೆ" ಅಂದಳು. ಕೆಂಪಕ್ಕ ನಿಂತಲ್ಲೇ ಒಂದು ಗೇಣು ಬೆಳೆದಳು. ಮಂಜಮ್ಮ ಎಲ್ಲಿ ಕೂತಿದ್ದಾಳೆ, ಅವಳ ಮುಖ ಹೇಗಿದೆ ಎಂದು ಕಣ್ಣು ಹುಡುಕುತ್ತಿರುವಾಗಲೇ "ಪಾಯಸ ಬರ್ಲಿ!" ಎಂದು ಕೂಗಿದಳು.

ಕಾಯಿಹಾಲಿನ ಗಸಗಸೆ ಪಾಯಸ. ಒಲೆಯಿಂದ ಆಗತಾನೆ ಇಳಿದು ಕೊತಕೊತ ಎನ್ನುತ್ತಿತ್ತು.

ಮೊದಲು ಹುಚ್ಚರಂಗಯ್ಯ ಎಗರಿದ. "ಅಯ್ಯಯ್ಯೋ, ತೊಡೆ!" ಅವನ ಪಂಚೆಗೆ ಪಾಯಸದ ಧಾರೆ ಇಳಿದಿತ್ತು. ಮೇಣ ಕರಗಿ, ಅರ್ಧ ಪಂಕ್ತಿಯ ಬಟ್ಟಲುಗಳು ಒಮ್ಮೆಗೇ ಕಣ್ಣು ಬಿಟ್ಟಿದ್ದವು. ಕಾಡಸಿದ್ದಪ್ಪ ಬುದ್ಧಿವಂತ, ಬಟ್ಟಲನ್ನು ತಲೆಯ ಮೇಲೆತ್ತಿ, ಬೀಳುವ ಧಾರೆಗೆ ಬಾಯೊಡ್ಡಿದ. ಗುರುಸಿದ್ದಮ್ಮನ ರೇಷ್ಮೆ ಸೀರೆಯ ಮೇಲೆ ಗಸಗಸೆ ಕಾಲುವೆ ಹರಿಯಿತು. ಅಂದು ಅಂಗಳದಲ್ಲಿ ಹರಿದ ಪಾಯಸಕ್ಕೆ ಒಡ್ಡು ಕಟ್ಟಿದ್ದರೆ ಎರಡು ತೋಟಕ್ಕೆ ಹಾಯಿಸಬಹುದಿತ್ತು.

"ಕೆಂಪಕ್ಕಾ, ಪಾಯಸ ಕುಡಿಯೋದೋ ಅದ್ರಲ್ಲಿ ಸ್ನಾನ ಮಾಡೋದೋ?" ಯಾರೋ ಕೂಗಿದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಕೆಂಪಕ್ಕನಿಗೆ ಆ ನಗೆ ಯಾವುದೂ ಮುಟ್ಟಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಮುಖ. ಕೊನೆಗೆ ಕಂಡಿತು. ಮಂಜಮ್ಮ ನಗುತ್ತಿರಲಿಲ್ಲ. ಅವಳ ಬಟ್ಟಲಿಗೂ ಕಣ್ಣಿತ್ತು. ಆದರೆ ಅವಳು ಅಡಿಯಲ್ಲಿ ಬೆರಳಿಟ್ಟು ತೂತು ಮುಚ್ಚಿಕೊಂಡು, ಏನೂ ಆಗಿಲ್ಲವೆಂಬ ಹಾಗೆ ಒಂದೊಂದೇ ಗುಟುಕು ಹೀರುತ್ತಿದ್ದಳು. ಬಿಸಿಗೆ ಬೆರಳು ಕೆಂಪಗಾಗಿತ್ತು. ಕಣ್ಣಲ್ಲಿ ನೀರಾಡುತ್ತಿತ್ತು.

ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಇವಳು ಮರ್ಯಾದೆ ಉಳಿಸುವುದರಲ್ಲೂ ಮುಂದೆ ಹೋದಳಲ್ಲ! ಕೆಂಪಕ್ಕ ಪಾಯಸ ತುಳಿದುಕೊಂಡೇ ಹೋಗಿ ಓರಗಿತ್ತಿಯ ಮುಂದೆ ನಿಂತಳು.

"ಬುಡೇ ಅದನ್ನ. ಬೆರಳು ಬೆಂದು ಹೋಗ್ತದೆ."

"ಏನಿಲ್ಲ ಬುಡಕ್ಕ, ಚೆನ್ನಾಗದೆ ಪಾಯಸ."

"ಚೆನ್ನಾಗಿರ್ದೆ ಏನು, ಮಾಡ್ದವಳು ನಾನು." ಮುಂದಿನ ಮಾತು ಹೊರಡಲು ಅವಳ ಗಂಟಲು ತೆಂಗಿನ ಮರ ಹತ್ತಿ ಇಳಿದಷ್ಟು ದಣಿಯಿತು. "ಎದ್ದೋಗಿ ನಿನ್ ಲೋಟ ತಗೊಂಬಾ."

ಮಂಜಮ್ಮ ತಂದಳು. ಪಂಕ್ತಿ ಮತ್ತೆ ಕೂತಿತು. ದಂಡಿನಶಿವರದ ಬೀಗರೆಲ್ಲ ಕೆಂಪಕ್ಕನ ಪಾಯಸವನ್ನು ಮಂಜಮ್ಮನ ಹೆಸರಿಗೆ ತುಟಿಯಿಟ್ಟು ಕುಡಿದರು. ಕೆಂಪಕ್ಕ ಅದನ್ನೆಲ್ಲ ಕಂಬಕ್ಕೆ ಒರಗಿ ನಿಂತು ಕಣ್ಣು ಮಿಟುಕಿಸದೆ ನೋಡಿದಳು.

ಊಟ ಮುಗಿದ ಮೇಲೆ ಹಿತ್ತಲಿನ ಕಲ್ಲಿನ ಹತ್ತಿರ ಮಂಜಮ್ಮ ಲೋಟ ತೊಳೆಯುತ್ತ ಕೂತಿದ್ದಳು. ಗುರುಸಿದ್ದಮ್ಮ ಸೀರೆಗೆ ನೀರು ಹಾಕಿಕೊಳ್ಳಲು ಅಲ್ಲಿಗೆ ಬಂದಳು.

"ಮುಂದಿನ ತಿಂಗಳು ನಮ್ಮೂರಲ್ಲಿ ನನ್ ಮೈದುನನ ಮಗನ ಮದುವೆ. ಮಂಜಮ್ಮಾರೇ, ಲೋಟ ತಗೊಂಡು ನೀವು ಬರ್ಲೇಬೇಕು."

ಬಾಗಿಲಲ್ಲಿದ್ದ ಕೆಂಪಕ್ಕ ಬಿರುಗಾಳಿಯ ಹಾಗೆ ಹಿತ್ತಲಿಗೆ ನುಗ್ಗಿ, ಓರಗಿತ್ತಿಯ ಪಕ್ಕದಲ್ಲಿ ಧೊಪ್ಪನೆ ಕೂತಳು.

"ಇವಳೊಬ್ಬಳನ್ನೇ ಕರೆದ್ರೆ ಕೆಟ್ಟಿರಿ ಬೀಗಿತ್ತಿ. ಇವಳಿಗೆ ಕೊಡೋಕೆ ಬರ್ತದೆ, ತೊಳೆಯೋಕೆ ಎಲ್ಲಿ ಬರ್ತದೆ? ನೋಡಿ, ಅಂಚಲ್ಲಿ ಗಸಗಸೆ ಹಂಗೇ ಅದೆ. ನಾನೂ ಬತ್ತೀನಿ."

"ಬಾರಕ್ಕ, ಬ್ಯಾಡ ಅಂದೋರ್ಯಾರು?" ಅಂದಳು ಮಂಜಮ್ಮ, ಸುಟ್ಟ ಬೆರಳನ್ನು ತಣ್ಣೀರಲ್ಲಿ ಅದ್ದಿಕೊಂಡು.

"ನೀನು ಕರೆಯೋದೇನು, ನಾನೇ ಬತ್ತೀನಿ ಅಂದೆ" ಎಂದು ಕೆಂಪಕ್ಕ ಒಂದು ಹಿಡಿ ನಾರಿಗೆ ಬೂದಿ ಅದ್ದಿ, ಮಂಜಮ್ಮ ತೊಳೆದು ಬೋರಲು ಹಾಕಿದ್ದ ಲೋಟಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡು, ಮೊದಲಿನಿಂದ ಉಜ್ಜತೊಡಗಿದಳು.