ದುಂಡು ಕಲ್ಲಿಗೆ ಚೌಕದ ಪೆಟ್ಟಿಗೆ

ಗಿರಣಿ ಅತ್ತೆ ಹಿಂದುಹಿಂದಕ್ಕೆ ನಡೆಯುತ್ತಿದ್ದರು. ಈಗ ವಸ್ತುಸಂಗ್ರಹಾಲಯವಾಗಿರುವ ತಮ್ಮ ತಾತನ ಗಿರಣಿಮನೆಯನ್ನು ಬಂದವರಿಗೆ ತೋರಿಸುವಾಗ, ಶತ್ರುವಿಗೆ ಬೆನ್ನು ತೋರೆನೆಂದು ಪಣತೊಟ್ಟ ಸೇನಾನಿಯಂತೆ, ಮುಖವನ್ನು ಜನರ ಕಡೆಗೂ ಬೆನ್ನನ್ನು ಇತಿಹಾಸದ ಕಡೆಗೂ ಇಟ್ಟುಕೊಂಡು, ಹೊಸ್ತಿಲು, ಮೆಟ್ಟಿಲು, ಕಾಲೊರಸು ಎಲ್ಲವನ್ನೂ ಹಿಮ್ಮಡಿಯಿಂದಲೇ ಗುರುತಿಸುತ್ತ ಸಾಗುವರು. ಅಭ್ಯಾಸ ಎಷ್ಟು ಬೇರೂರಿತ್ತೆಂದರೆ, ತರಕಾರಿ ಅಂಗಡಿಯಲ್ಲೂ ಒಂದಿಷ್ಟು ಹಿಂದೆ ಸರಿದು, ಬದನೆಕಾಯಿಯನ್ನು ಸಭೆಗೆ ಪರಿಚಯಿಸುವವರಂತೆ ಕೈಚಾಚಿ ನಿಲ್ಲುತ್ತಿದ್ದರು.

ಮೈಮೇಲೆ ತಾತನ ಉದ್ದ ಕೋಟು, ತೋಳು ಮಡಿಚಿದ್ದು. ಬಾಯಲ್ಲಿ "ನಮ್ಮ ತಾತ ಅಂದ್ರೆ ತಾತ" ಎಂಬ ಪಲ್ಲವಿ. ಹೊಳೆಯ ಪಕ್ಕ ನೀರಿನ ಚಕ್ರ, ಚಕ್ರದ ಪಕ್ಕ ಮನೆ, ಮನೆಯ ಸುತ್ತ ಬೆಳೆದ ಊರು: ಇಷ್ಟು ನಿಜ. ಉಳಿದದ್ದನ್ನು ಅತ್ತೆ ಧಾರಾಳವಾಗಿ ಒದಗಿಸುತ್ತಿದ್ದರು. ಬೀಸುವ ಕಲ್ಲನ್ನು ಸುತ್ತುವರಿದ ಮರದ ಪೆಟ್ಟಿಗೆ ಬೇರೆ ಗಿರಣಿಗಳಲ್ಲಿರುವಂತೆ ದುಂಡಗಿರದೆ ಚೌಕವಾಗಿದ್ದದ್ದು ಏಕೆ? "ನಾಲ್ಕು ದಿಕ್ಕಿಗೂ ಅನ್ನ ಹಾಕೋ ಮನೆ ಅಂತ ಸೂಚನೆ." ಅದರಡಿ ಸಿಕ್ಕ ಸೊಟ್ಟ ಹಿಡಿಯ ಕುಂಚ ಏನು? "ತಾತನ ಮೀಸೆ ಬ್ರಷ್ಷು." ಆ ಕುಂಚಕ್ಕೆ ತಕ್ಕ ಮೀಸೆ ಇದ್ದಿದ್ದರೆ ತಾತ ಬಾಗಿಲಲ್ಲಿ ಅಡ್ಡಡ್ಡ ತೂರಬೇಕಾಗುತ್ತಿತ್ತು, ಆದರೂ ಅದು ಗಾಜಿನೊಳಗೆ ಸಿಂಹಾಸನಾರೂಢವಾಗಿತ್ತು.

ಹೀಗಿರಲು, ಬಡಗಿಯೊಬ್ಬ ಬಹುಕಾಲ ನಿಂತೇ ಇದ್ದ ಚಕ್ರವನ್ನು ರಿಪೇರಿ ಮಾಡಿದ. ಮೊದಲ ಸಲ ಬೀಸಲೆಂದು ಬೇಕರಿಯವಳು ಗೋಧಿ ಚೀಲ ಹೊತ್ತು ತಂದಳು. ಅತ್ತೆ ಪಟ್ಟಾಭಿಷೇಕದ ಗಾಂಭೀರ್ಯದಿಂದ ಕೈಯೆತ್ತಿದರು. ನೀರು ಹರಿಯಿತು, ಕಲ್ಲು ಗುಡುಗಿತು, ಗೋಧಿಯೆಲ್ಲ ಒಳಗೆ ಹೋಯಿತು. ಹೊರಗೆ ಬಂದ ಹಿಟ್ಟು ಮಾತ್ರ ಚೀಲದ ತಳದಲ್ಲಿ ನಾಚಿಕೊಂಡು ಕೂತಿತು.

"ಅತ್ತೆ, ನನ್ನ ಗೋಧಿ ಎಲ್ಲಿ ಹೋಯ್ತು?" ಎಂದಳು ಬೇಕರಿಯವಳು.

"ಕಲ್ಲು ನಿಂತು ಬಹಳ ದಿನ ಆಗಿತ್ತಲ್ಲಮ್ಮ. ಅದಕ್ಕೂ ಹಸಿವು."

ಬಡಗಿ ಮುಚ್ಚಳ ಎತ್ತಿದ. ಕಲ್ಲು ದುಂಡು, ಪೆಟ್ಟಿಗೆ ಚೌಕ. ನಡುವಿನ ನಾಲ್ಕು ಮೂಲೆಗಳಲ್ಲೂ ಹಿಟ್ಟು ಗುಡ್ಡೆಯಾಗಿತ್ತು. ಮೂಲೆಮೂಲೆಗೂ ಒಂದು ಪುಟ್ಟ ಜಾರುಬಾಗಿಲು, ಬೆರಳು ತಾಗಿ ತಾಗಿ ನುಣುಪಾಗಿದ್ದು. ಅವನು ಗಾಜಿನೊಳಗಿನ ಕುಂಚ ತಂದು ಮೂಲೆಗೆ ಇಳಿಸಿದ. ಕೈ ಕೈಗವಸಿಗೆ ಸೇರುವಂತೆ ಸೇರಿತು.

"ಬೀಸೋಕೆ ತಂದವರು ಆಕಡೆ ಹೋದ ಮೇಲೆ ಇದನ್ನ ಗುಡಿಸಿಕೊಳ್ಳೋದು," ಎಂದ. "ಮುಂದಿನವರು ಬಂದಾಗ ಮೂಲೆ ಮತ್ತೆ ತುಂಬುತ್ತೆ. ತಾತನ ಮೀಸೆ ಚೆನ್ನಾಗೇ ಮೇಯ್ದಿದೆ."

ಜನ ನಕ್ಕರು. ಬೇಕರಿಯವಳು ನಗಲಿಲ್ಲ.

"ನಮ್ಮಜ್ಜಿ ಇಲ್ಲಿಂದಲೇ ಹಿಟ್ಟು ಹೊರ್ತಿದ್ಲು," ಎಂದಳು ಮೆಲ್ಲಗೆ. "ಮನೇಲಿ ಅಳೆದಾಗೆಲ್ಲ ಕಮ್ಮಿ. ದಾರೀಲಿ ಮಾರಿಕೊಂಡು ಬರ್ತಾಳೆ ಅಂತ ಅವಳತ್ತೆ ಅವಳನ್ನ ಅಡುಗೆಮನೆಗೇ ಸೇರಿಸ್ತಿರಲಿಲ್ಲ. ಸಾಯೋವರೆಗೂ ಕಳ್ಳಿ ಅನ್ನಿಸಿಕೊಂಡ್ಲು."

ಜೀವಮಾನದಲ್ಲಿ ಮೊದಲ ಸಲ ಗಿರಣಿ ಅತ್ತೆಗೆ ಎದುರಿಗಿರುವವರ ಮುಖ ನೋಡುವುದು ಕಷ್ಟವಾಯಿತು. ಕಿವಿ ಕೆಂಪಾದವು. ಕೋಟು ಇದ್ದಕ್ಕಿದ್ದಂತೆ ಮೈಗೆ ದೊಡ್ಡದೆನಿಸಿತು. ತಾವು ಬಾಲ್ಯದಲ್ಲಿ ಆ ಮನೆಯಲ್ಲಿ ತಿಂದ ತುತ್ತುಗಳೆಲ್ಲ ಯಾರ ಯಾರ ಚೀಲದವೋ ಎಂದು ಎಣಿಸತೊಡಗಿದರು.

ಜನ ಚದುರಿದ ಮೇಲೆ ಬಡಗಿ ಪಿಸುಗುಟ್ಟಿದ: "ಒಳಗೆ ದುಂಡನೆ ಹಲಗೆ ಕೂರಿಸಿಬಿಡ್ತೀನಿ ಅತ್ತೆ. ನಾಲ್ಕು ದಿನ ಆಡಿಕೊಂಡು ಮರೀತಾರೆ."

ಅತ್ತೆಗೆ ಒಪ್ಪಿಬಿಡಬೇಕು ಎನಿಸಿತು, ಬಹಳವಾಗಿಯೇ ಎನಿಸಿತು. "ಹೂಂ" ಎನ್ನಲು ಬಾಯಿಯನ್ನೂ ತೆರೆದರು. ಆಮೇಲೆ, "ಅವಳಜ್ಜಿನ ಯಾವ ಹಲಗೆಯಿಂದ ಮುಚ್ಚುತ್ತೀಯಪ್ಪ?" ಎಂದರು.

ಮರುದಿನದಿಂದ ಅವರು ಮನೆ ತೋರಿಸುವುದು ಕಲ್ಲಿನ ಕೋಣೆಯಿಂದಲೇ ಶುರು. ಮುಚ್ಚಳ ಎತ್ತಿ, ಮೂಲೆ ತೋರಿಸಿ, "ಇಲ್ಲಿ ನಮ್ಮ ತಾತ ಕದೀತಿದ್ರು. ಬಯ್ಗುಳ ತಿಂದಿದ್ದು ಚೀಲ ಹೊತ್ತ ಹೆಂಗಸರು" ಎನ್ನುತ್ತಾರೆ. ಮೊದಲ ದಿನ ಬೇಕರಿಯವಳು ಬಾಗಿಲಲ್ಲಿ ನಿಂತು ಕೇಳಿ, ಬೇಕರಿಗೆ ಹಿಂದಿರುಗಿದಳು. ಕ್ಷಮಿಸಿದಳೆಂದು ಯಾರೂ ತಿಳಿಯಬೇಕಾಗಿಲ್ಲ.

ಹಿರಿಯರ ಕೀರ್ತಿಗೆ ವಾರಸುದಾರರಾಗಿ ನಾವೆಲ್ಲ ಸಾಲುಗಟ್ಟಿ ನಿಲ್ಲುತ್ತೇವೆ. ಅವರ ಕಳ್ಳತನದ ಸರದಿ ಬಂದಾಗ ಮಾತ್ರ 'ಅದು ಹಳೇ ಕಾಲ' ಎಂದು ಕೈ ಒರೆಸಿಕೊಳ್ಳುತ್ತೇವೆ. ಎರಡಕ್ಕೂ ಸಹಿ ಹಾಕುವ ಅಪರೂಪದ ಮಂದಿ ಅದರಿಂದ ದೊಡ್ಡವರಾಗುವುದಿಲ್ಲ, ಹಗುರಾಗುವುದೂ ಇಲ್ಲ. ಅವರಿಗೆ ದಿನವೂ ಹೊಸದಾಗಿ ನಾಚಿಕೆಯಾಗುತ್ತದೆ, ಅಷ್ಟೆ. ಆದರೂ ಬೆಳಗಾದರೆ ಹೋಗಿ ಬಾಗಿಲು ತೆರೆಯುತ್ತಾರೆ.